ಸೊಂಟಕ್ಕೊಂದು ನೂಲು

ಹಕ್ಕಿ ಹಿಕ್ಕೆ ಅಂದುಕೊಂಡು
ಒರೆಸಲು ಹೋದೆ, ಒದ್ದೆ ಬಟ್ಟೆ ಹಿಡಿದು.
'ಅಮ್ಮಾ, ಅದು ನಡೀತಿದೆ' ಅಂದಳು ಇಂಪನ.
ಕುಂಡದ ಕರಿಬೇವಿನ ಎಲೆಯ ಮೇಲೆ
ಕಂದು, ಬಿಳಿ, ಹಸಿಹಸಿ.
ಹೌದು, ನಡೀತಿತ್ತು.

ಹುಡುಕಿದರೆ ಐದು.
ಗೋಪಾಳದ ಈ ಬಾಡಿಗೆ ಮನೆಯ ಎರಡನೇ ಮಹಡಿಗೆ
ಯಾವ ಚಿಟ್ಟೆ, ಯಾವ ಹೊತ್ತಿನಲ್ಲಿ ಬಂದು
ಇಟ್ಟು ಹೋಯಿತೋ.
ಬಾಣಂತಿಯ ಮುಖವನ್ನೇ ನೋಡದೆ
ಬಾಣಂತನ ಶುರುವಾಯಿತು.

ಬಿಸ್ಕತ್ತಿನ ಡಬ್ಬಿ, ಅದರ ಬಾಯಿಗೆ
ಹಳೇ ಸೊಳ್ಳೆಪರದೆಯ ತುಂಡು, ರಬ್ಬರ್ ಬ್ಯಾಂಡು.
ಎಲೆ ಹಾಕುವುದು ಇಂಪನ,
ಹಿಕ್ಕೆ ಎಣಿಸುವುದು ನಾಗುವಿನ ಡ್ಯೂಟಿ.
ಮೊದಲ ವಾರ 'ಸಾಸಿವೆ ಸೈಜು' ಅಂತ ಬರೆದ,
ಆಮೇಲೆ 'ಮೆಣಸಿನ ಕಾಳು'.
ಎರಡನೇ ಕ್ಲಾಸಿನ ಕಾಪಿಯಲ್ಲಿ ಒಂದು ಪುಟ ಮಗ್ಗಿ ಇಲ್ಲ,
ಹಿಕ್ಕೆಯ ಲೆಕ್ಕ ಒಂಬತ್ತು ಪುಟ.

ಹಸಿರಾದ ಮೇಲೆ ಹುಳಕ್ಕೆ ಸಿಟ್ಟೂ ಬಂತು.
ಬೆರಳು ತಾಗಿಸಿದರೆ
ನೆತ್ತಿಯಿಂದ ಕೆಂಪು ಕವಲುಕೋಡು ಚಿಮ್ಮಿ
ಕೊಳೆತ ನಿಂಬೆಯ ನಾತ.
'ನಂಗೆ ಬೈತಿದೆ' ಅಂದ ನಾಗು, ಖುಷಿಯಿಂದ,
ಮತ್ತೆ ತಾಗಿಸಿದ.

ಕುಂಡ ಬೋಳಾಯಿತು.
ಆ ವಾರ ಗಾಳಿ. ಎಲ್ಲೆಲ್ಲೋ ಮರ ಬಿದ್ದು
ಇವರು ಎರಡು ರಾತ್ರಿ ಕಂಬದ ಮೇಲೆಯೇ,
ಮನೆಗೆ ಬಂದದ್ದು ಒಣ ಕಾಲುಚೀಲಕ್ಕೆ.
ಎಲೆ ತರುವವರು ಯಾರು?
ಮಾರ್ಕೆಟ್ಟಿನ ಕಟ್ಟು ಬಿಚ್ಚಿದೆ. ಹತ್ತು ರೂಪಾಯಿ.
ಒಂದೂ ತೂತಿಲ್ಲದ, ಮಿರಮಿರ ಮಿಂಚುವ ಎಲೆ.
ತೊಳೆದೇ ಹಾಕಿದೆ.

ಬೆಳಿಗ್ಗೆ ಮೂರು ತಳದಲ್ಲಿದ್ದವು,
ಬಾಯಿಂದ ಹಸಿರು ನೀರು ಬಿಟ್ಟು, ಮೆತ್ತಗೆ.
ಇನ್ನೆರಡು ಪರದೆಗೆ ಹತ್ತಿ ಕೂತಿದ್ದವು,
ಎಲೆ ಮುಟ್ಟಿರಲಿಲ್ಲ.
ಇಂಪನ ನನ್ನ ಕಡೆ ನೋಡಲಿಲ್ಲ.
ಅಡುಗೆಮನೆಗೆ ಹೋಗಿ
ಚಿತ್ರಾನ್ನದ ಬಾಣಲೆಯ ಮುಚ್ಚಳ ತೆಗೆದು
ನಿಂತಳು, ಬಹಳ ಹೊತ್ತು.
ಅದೇ ಕಟ್ಟು.
ಆಮೇಲೆ ತನ್ನ ತಟ್ಟೆಯಿಂದ ಒಂದೊಂದೇ ಎಲೆ ಆರಿಸಿ
ಅಂಚಿಗೆ ಸಾಲಾಗಿ ಇಟ್ಟಳು.
ನಾನು ಏನೂ ಅನ್ನಲಿಲ್ಲ.
ನನ್ನ ತಟ್ಟೆಯದನ್ನೂ ಆರಿಸಿದೆ.

ಅಂದು ಸಂಜೆ ಇವರ ಚೀಲದಲ್ಲಿ, ಕಟಿಂಗ್ ಪ್ಲೇಯರಿನ ಪಕ್ಕ,
ಕರಿಬೇವಿನ ಎರಡು ಕೊಂಬೆ. ಹುಳ ತಿಂದ, ಧೂಳು ಕೂತ ಎಲೆ.
ಮಂಡ್ಲಿಯ ಯಾರದೋ ಹಿತ್ತಲದಂತೆ.
'ಫ್ಯೂಸ್ ಹಾಕಿದ್ದಕ್ಕೆ ಲಂಚ' ಅಂದರು.

ತಿಂದವು, ತಿಂದವು, ಒಂದು ರಾತ್ರಿ ಸಾಕೆಂದವು.
ಕಡ್ಡಿಗೆ ಬುಡ ಅಂಟಿಸಿ,
ಸೊಂಟದ ಸುತ್ತ ಒಂದೇ ಒಂದು ನೂಲು ತಾವೇ ನೂತು,
ಹಿಂದಕ್ಕೆ ವಾಲಿದವು,
ಮೈಭಾರ ಪೂರಾ ಆ ಎಳೆಗೆ ಬಿಟ್ಟು.
'ಅಪ್ಪ!' ಅಂದ ನಾಗು.
ಬಿಡಿಸಿ ಹೇಳಬೇಕಾಗಲಿಲ್ಲ.
ಕಂಬಕ್ಕೆ ಪಟ್ಟಿ ಬಿಗಿದು, ಕಾಲೂರಿ,
ಬೆನ್ನನ್ನು ಗಾಳಿಗೆ ಕೊಟ್ಟು
ಎರಡೂ ಕೈ ಕೆಲಸಕ್ಕೆ ಬಿಟ್ಟ ಮನುಷ್ಯ.
ಇವಕ್ಕೆ ಕೈಯಿಲ್ಲ. ಕೆಲಸ ಒಳಗೆ.

ಕಡ್ಡಿಗಳನ್ನು ಕಿಟಕಿಯ ಸರಳಿಗೆ ಕಟ್ಟಿದೆವು.

ಹನ್ನೊಂದನೇ ದಿನ ಒಂದರ ಮಗ್ಗುಲಲ್ಲಿ ದುಂಡನೆ ತೂತು.
ಗಾಜಿನ ಮೇಲೆ ಎಳ್ಳಿನಷ್ಟೆಷ್ಟೇ ಕಣಜ,
ನಲವತ್ತಾರು, ನಾಗು ಎಣಿಸಿದಂತೆ.
ಒಳಗಿದ್ದುದನ್ನು ಒಳಗಿದ್ದೇ ತಿಂದು ಬೆಳೆದವು.
ಚಪ್ಪಲಿ ಕೈಗೆತ್ತಿಕೊಂಡಿದ್ದೆ.
'ಇವೂ ನಮ್ಮ ಎಲೆಯವೇ ಅಲ್ವಾ?' ಅಂದಳು ಇಂಪನ.
ಉತ್ತರ ಹೊಳೆಯದೆ
ಕಿಟಕಿ ತೆಗೆದೆ.

ಮುಚ್ಚಲು ಮರೆತೆ. ಅದೇ ಒಳ್ಳೆಯದಾಯಿತು.
ಮರುದಿನ ನಾವು ಶಾಲೆಗೆ, ಕೆಲಸಕ್ಕೆ ಹೋದಾಗ
ಇನ್ನೊಂದು ಯಾರನ್ನೂ ಕಾಯದೆ ಹೊರಟಿತ್ತು.
ಸರಳಿಗೆ ಒಣಹಾಕಿದ್ದ ಖಾಕಿ ಅಂಗಿಯ ತೋಳಿಗೆ
ಕಂದುಗೆಂಪಿನ ಒಂದು ಹನಿ ಕಲೆ. ಅಷ್ಟೇ.
ಎಂಥ ರೆಕ್ಕೆಯೋ, ಏನು ಬಣ್ಣವೋ.

ಖಾಲಿ ಚಿಪ್ಪು ಇನ್ನೂ ವಾಲಿಕೊಂಡೇ ಇತ್ತು.
ನಾಗು ಆ ನೂಲನ್ನು ಉಗುರ ತುದಿಯಿಂದ
ಎಳೆದು ನೋಡಿದ. ಕಡಿಯಲಿಲ್ಲ.
ಎದ್ದು ಹೋಗಿ
ಬಾಗಿಲ ಹಿಂದೆ ತೂಗುಹಾಕಿದ್ದ ಅಪ್ಪನ ಪಟ್ಟಿಯನ್ನೂ
ಎರಡೂ ಕೈಯಲ್ಲಿ ಜಗ್ಗಿ ನೋಡಿದ.